ಊಡ್ನಡಾಟಾ ಟ್ರ್ಯಾಕ್: ನೀರಿನ ಲೆಕ್ಕದಲ್ಲಿ ಒಂದು ಮರುಭೂಮಿ ಪ್ರಯಾಣದ ತಯಾರಿ

ಬರುವ ಜುಲೈ ತಿಂಗಳ ಶಾಲಾ ರಜೆಯಲ್ಲಿ ನಾನು, ನನ್ನ ಹೆಂಡತಿ, ಹೈಸ್ಕೂಲಿನಲ್ಲಿ ಓದುವ ಮಗಳು ಮತ್ತು ಆ ಹೊತ್ತಿಗೆ ಊರಿನಿಂದ ಇಲ್ಲಿಗೆ ಬಂದಿರುವ ನಮ್ಮ ತಂದೆಯವರು, ಹೀಗೆ ನಾಲ್ವರು ಅಡಿಲೇಡ್‌ನಿಂದ ಹೊರಟು, ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಹಾದುಹೋಗುವ ಊಡ್ನಡಾಟಾ ಟ್ರ್ಯಾಕ್ ಎಂಬ ಮಣ್ಣಿನ ರಸ್ತೆಯಲ್ಲಿ ಮರೀ ಎಂಬಲ್ಲಿಂದ ಮಾರ್ಲಾದವರೆಗೆ ಹೋಗಬೇಕೆಂದು ನಿಶ್ಚಯಿಸಿದ್ದೇವೆ. ಈ ರಸ್ತೆಯ ಉದ್ದ ಸುಮಾರು 620 ಕಿಲೋಮೀಟರ್. ಬೆಂಗಳೂರಿನಿಂದ ಕಲಬುರಗಿಗೆ ಹೋದಷ್ಟು ದೂರ ಎನ್ನಬಹುದು. ಆದರೆ ಅಷ್ಟು ದೂರದ ನಡುವೆ ಊರು ಎಂದು ಕರೆಸಿಕೊಳ್ಳುವ ಸ್ಥಳಗಳು ಎರಡೇ: ಹೋಟೆಲ್ಲೊಂದರ ಸುತ್ತ ಬೆರಳೆಣಿಕೆಯಷ್ಟು ಜನ ವಾಸಿಸುವ ವಿಲಿಯಂ ಕ್ರೀಕ್, ಮತ್ತು ರಸ್ತೆಗೆ ತನ್ನ ಹೆಸರನ್ನು ಕೊಟ್ಟ, ಇನ್ನೂರು ಜನರೂ ಇಲ್ಲದ ಊಡ್ನಡಾಟಾ. ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗ ಸ್ನೇಹಿತರು ಕೆಲವರು ಈ ತಯಾರಿಯ ವಿವರಗಳನ್ನು ಕೇಳಿದ್ದರಿಂದ, ಇದುವರೆಗೆ ಓದಿ, ವಿಚಾರಿಸಿ, ಲೆಕ್ಕ ಹಾಕಿಟ್ಟುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮರುಭೂಮಿಗೆ ಹೋಗುತ್ತೇವೆ ಎಂದೊಡನೆ ಬಂಧುಗಳೆಲ್ಲ ಬಿಸಿಲಿನ ಬಗ್ಗೆ ಕೇಳಿದರು. ಚಳ್ಳಕೆರೆ ಸೀಮೆಯಲ್ಲಿ ಬೇಸಾಯ ಮಾಡಿ, ಬಾವಿ ಬತ್ತುವುದನ್ನೂ ಕೊಳವೆಬಾವಿ ಕೈಕೊಡುವುದನ್ನೂ ಕಂಡಿರುವ ನಮ್ಮ ತಂದೆಯವರು ಮಾತ್ರ ಫೋನಿನಲ್ಲಿ ಬೇರೆಯದೇ ಪ್ರಶ್ನೆ ಕೇಳಿದರು: "ಆ ದಾರಿ ಅಲ್ಲೇ ಯಾಕಪ್ಪಾ ಹೋಗೈತೆ? ನೀರಿಲ್ಲದ ಕಡೆ ಯಾರೂ ದಾರಿ ಮಾಡಲ್ಲವಲ್ಲ." ಅದುವರೆಗೆ ನಾನು ಈ ರಸ್ತೆಯನ್ನು ದೂರ ಮತ್ತು ಪೆಟ್ರೋಲ್ ಬಂಕುಗಳ ದೃಷ್ಟಿಯಿಂದ ಮಾತ್ರ ನೋಡಿದ್ದೆ. ಅವರ ಪ್ರಶ್ನೆಯನ್ನು ಹಿಡಿದು ನಕ್ಷೆಯನ್ನು ಮತ್ತೆ ಬಿಡಿಸಿದಾಗ ಯೋಜನೆಯ ಉಳಿದ ಎಲ್ಲ ಭಾಗಗಳೂ ಒಂದೇ ಎಳೆಗೆ ಬಂದು ಸೇರಿಕೊಂಡವು.

ನಕ್ಷೆಯಲ್ಲಿ ಈ ರಸ್ತೆ ನೇರವಾಗಿಲ್ಲ. ಮರೀಯಿಂದ ಪಶ್ಚಿಮಕ್ಕೆ ಹೊರಟು, ಕಾಟಿ ಥಾಂಡಾ–ಲೇಕ್ ಐರ್ ಎಂಬ ಉಪ್ಪಿನ ಸರೋವರದ ದಕ್ಷಿಣದ ಅಂಚನ್ನು ಬಳಸಿಕೊಂಡು, ಆಮೇಲೆ ವಾಯವ್ಯ ದಿಕ್ಕಿಗೆ ತಿರುಗುತ್ತದೆ. ಈ ಬಾಗು ಬಂದಿರುವುದು ಚಿಲುಮೆಗಳ ಕಾರಣಕ್ಕೆ. ಆಸ್ಟ್ರೇಲಿಯಾ ಖಂಡದ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ನೆಲದ ಅಡಿಯಲ್ಲಿ, ಸುಮಾರು 17 ಲಕ್ಷ ಚದರ ಕಿಲೋಮೀಟರ್ ವಿಸ್ತಾರದಲ್ಲಿ, ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂಬ ಅಂತರ್ಜಲ ಭಂಡಾರ ಹರಡಿಕೊಂಡಿದೆ. ಪೂರ್ವದ ಗ್ರೇಟ್ ಡಿವೈಡಿಂಗ್ ರೇಂಜ್ ಬೆಟ್ಟಸಾಲಿನ ಬಳಿ ಮರಳುಗಲ್ಲಿನ ಪದರಗಳೊಳಕ್ಕೆ ಇಂಗಿದ ಮಳೆನೀರು ಲಕ್ಷಾಂತರ ವರ್ಷಗಳ ಕಾಲ ನಿಧಾನವಾಗಿ ಸರಿದು ಬಂದು, ಭಂಡಾರದ ನೈಋತ್ಯದ ಅಂಚಿನಲ್ಲಿ, ಅಂದರೆ ಸರಿಯಾಗಿ ಈ ರಸ್ತೆಯ ಆಸುಪಾಸಿನಲ್ಲಿ, ತನ್ನದೇ ಒತ್ತಡದಿಂದ ನೆಲದ ಮೇಲಕ್ಕೆ ಉಕ್ಕುತ್ತದೆ. ನೀರು ಹೊತ್ತು ತಂದ ಖನಿಜಗಳೂ ಗಾಳಿ ತಂದ ಮರಳೂ ಸೇರಿ ಚಿಲುಮೆಯ ಸುತ್ತ ದಿಬ್ಬ ಬೆಳೆಯುತ್ತದೆ, ದಿಬ್ಬದ ನೆತ್ತಿಯಲ್ಲಿ ನೀರಿನ ಕೊಳ ನಿಲ್ಲುತ್ತದೆ. ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ನಾಡಿನಲ್ಲಿ ಇಂಥ ಚಿಲುಮೆಗಳು ಒಂದರಿಂದ ಇನ್ನೊಂದಕ್ಕೆ ನಡೆದು ತಲುಪಬಹುದಾದ ದೂರದಲ್ಲಿ ಸಾಲಾಗಿ ಇವೆ ಎಂಬುದೇ ಈ ದಾರಿಯ ಹುಟ್ಟಿನ ಕಥೆ.

ಈ ಸಾಲನ್ನು ಮೊದಲು ಬಲ್ಲವರು ಅರಬಾನಾ ಮುಂತಾದ ಮೂಲನಿವಾಸಿಗಳು. ಅವರ ಓಡಾಟ ಮತ್ತು ವಿನಿಮಯದ ಹಾದಿಗಳು ಚಿಲುಮೆಯಿಂದ ಚಿಲುಮೆಗೆ ಹೋಗುತ್ತಿದ್ದವು. 1859ರಲ್ಲಿ ಜಾನ್ ಮೆಕ್‌ಡೋವಲ್ ಸ್ಟುವರ್ಟ್ ಎಂಬ ಅನ್ವೇಷಕ ಇದೇ ಚಿಲುಮೆಗಳನ್ನು ಗುರುತಿಸಿಕೊಂಡು ಉತ್ತರಕ್ಕೆ ಸಾಗಿದ. ಹಲವು ಪ್ರಯತ್ನಗಳ ನಂತರ 1862ರ ಜುಲೈನಲ್ಲಿ ಖಂಡದ ಉತ್ತರದ ಕಡಲನ್ನು ಮುಟ್ಟಿದ. ಅವನ ಜಾಡನ್ನೇ ಹಿಡಿದು ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ವರೆಗೆ ಸುಮಾರು 3,200 ಕಿಲೋಮೀಟರ್ ಉದ್ದದ ತಂತಿ (ಟೆಲಿಗ್ರಾಫ್) ಮಾರ್ಗ 1872ರಲ್ಲಿ ಪೂರ್ಣಗೊಂಡಿತು. ತಂತಿಯ ಹಿಂದೆಯೇ ರೈಲು ಬಂತು. ಹಬೆ ಎಂಜಿನ್ನಿಗೆ ನೀರು ಬೇಕು. ನೀರು ಇದ್ದದ್ದು ಈ ಸಾಲಿನಲ್ಲಿ ಮಾತ್ರ. 1878ರಲ್ಲಿ ಪೋರ್ಟ್ ಅಗಸ್ಟಾದಿಂದ ಆರಂಭವಾದ ಕಿರಿದಾದ ಹಳಿಯ ಮಾರ್ಗ 1884ರಲ್ಲಿ ಮರೀಯನ್ನೂ 1891ರಲ್ಲಿ ಊಡ್ನಡಾಟಾವನ್ನೂ 1929ರಲ್ಲಿ ಆಲಿಸ್ ಸ್ಪ್ರಿಂಗ್ಸನ್ನೂ ತಲುಪಿತು. ಇಂದು ನಾವು ಹೋಗಲಿರುವ ರಸ್ತೆ ಬಹುಪಾಲು ಆ ಹಳೆಯ 'ಘಾನ್' ರೈಲು ಮಾರ್ಗದ ಪಕ್ಕದಲ್ಲೇ ಸಾಗುತ್ತದೆ.

ಇದರಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸಿದ್ದು ಮುಂದಿನ ಭಾಗ. ನೀರನ್ನು ಹುಡುಕಿಕೊಂಡು ಹಾಕಿದ ಆ ಹಳಿಗಳನ್ನು ನೀರೇ ಮತ್ತೆ ಮತ್ತೆ ಕೊಚ್ಚಿಕೊಂಡು ಹೋಯಿತು. ಒಣಗಿದ ಹಳ್ಳಗಳೆಂದು ಕಾಣುವ ತೊರೆಗಳು ಎಷ್ಟೋ ವರ್ಷಕ್ಕೊಮ್ಮೆ ಉಕ್ಕಿ ಹರಿಯುವಾಗ ಮಾರ್ಗ ಕಡಿದುಹೋಗಿ, ರೈಲುಗಳು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡುದಾರಿಯಲ್ಲಿ ನಿಲ್ಲುತ್ತಿದ್ದವು. ನೀಲ್ಸ್ ನದಿಗೆ ಅಡ್ಡಲಾಗಿ ಆಲ್ಜಿಬಕಿನಾ ಎಂಬಲ್ಲಿ 1892ರಲ್ಲಿ ತೆರೆದ ಕಬ್ಬಿಣದ ಸೇತುವೆಗೆ 19 ಅಂಕಣಗಳು, 578 ಮೀಟರ್ ಉದ್ದ. ವರ್ಷದ ಬಹುಕಾಲ ಅಲ್ಲಲ್ಲಿ ಮಡುಗಟ್ಟಿ ನಿಂತಿರುವ ಒಂದು ನದಿಗೆ ಅಷ್ಟು ದೊಡ್ಡ ಸೇತುವೆ ಕಟ್ಟಿದವರಿಗೆ ಈ ನೆಲದ ಸ್ವಭಾವ ತಿಳಿದಿತ್ತು ಎನ್ನಬೇಕು. ಡೀಸೆಲ್ ಎಂಜಿನ್ ಬಂದು ಚಿಲುಮೆಗಳ ಹಂಗು ತಪ್ಪಿದ ಮೇಲೆ ರೈಲ್ವೆಯವರು 1980ರಲ್ಲಿ ಇಡೀ ಮಾರ್ಗವನ್ನು ಪ್ರವಾಹದ ಕಾಟವಿಲ್ಲದ ಪಶ್ಚಿಮದ ನೆಲಕ್ಕೆ ಸ್ಥಳಾಂತರಿಸಿ, ಹಳೆಯದನ್ನು ಮುಚ್ಚಿಬಿಟ್ಟರು. ಆದ್ದರಿಂದ ಈ ದಾರಿಯಲ್ಲಿ ಪ್ರಯಾಣಿಸುವವನು ನೀರಿನ ಬಗ್ಗೆ ಎರಡು ಲೆಕ್ಕಗಳನ್ನು ಹಾಕಬೇಕು: ಇಲ್ಲದಿದ್ದರೆ ಏನು ಎಂಬುದೊಂದು, ಬಂದುಬಿಟ್ಟರೆ ಏನು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹಾಕುತ್ತಾರೆ. ಪ್ರವಾಸಗಳು ಮುರಿದುಬೀಳುವುದು ಹೆಚ್ಚಾಗಿ ಎರಡನೆಯದರಿಂದ.

ಕಾಲದ ಆಯ್ಕೆಯಲ್ಲಿ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. 1960ರ ಜನವರಿ 2ರಂದು ಊಡ್ನಡಾಟಾದಲ್ಲಿ ದಾಖಲಾದ 50.7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಸ್ಟ್ರೇಲಿಯಾದಲ್ಲಿ ಇದುವರೆಗೆ ಯಾವ ಊರೂ ಮೀರಿಲ್ಲ. 2022ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಆನ್‌ಸ್ಲೋ ಅದನ್ನು ಸರಿಗಟ್ಟಿತು, ಅಷ್ಟೆ. ಬೇಸಿಗೆಯಲ್ಲಿ, ಅಂದರೆ ಇಲ್ಲಿನ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ವಯಸ್ಸಾದವರನ್ನು ಕರೆದುಕೊಂಡು ಅತ್ತ ಹೋಗುವ ಮಾತೇ ಇಲ್ಲ. ಜುಲೈ ಇಲ್ಲಿ ನಡುಚಳಿಗಾಲ. ಹಗಲು ಹಿತವಾಗಿದ್ದರೂ ರಾತ್ರಿ ಚಳಿ ಕೊರೆಯುತ್ತದೆ, ಒಮ್ಮೊಮ್ಮೆ ಸೊನ್ನೆಯ ಹತ್ತಿರಕ್ಕೂ ಇಳಿಯುತ್ತದೆ. ಮರುಭೂಮಿಗೆಂದು ಕಂಬಳಿ, ಉಣ್ಣೆಯ ಟೋಪಿ ಕಟ್ಟಿಕೊಳ್ಳುವುದು ಮೊದಲಿಗೆ ವಿಚಿತ್ರವೆನಿಸಿತಾದರೂ, ನಮ್ಮ ಸಾಮಾನಿನ ಪಟ್ಟಿಯಲ್ಲಿ ಅವಕ್ಕೆ ಟೆಂಟಿನಷ್ಟೇ ಮಹತ್ವದ ಜಾಗವಿದೆ.

ಮಳೆಗೆ ಮಾತ್ರ ಇಲ್ಲಿ ಋತುವಿಲ್ಲ. ಮುಂಗಾರು ಹಿಂಗಾರುಗಳ ಲೆಕ್ಕದಲ್ಲಿ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಡೊನಾಲ್ಡ್ ಕ್ಯಾಂಬೆಲ್ ಎಂಬ ಬ್ರಿಟಿಷ್ ಸಾಹಸಿ ನೆಲದ ಮೇಲಿನ ವೇಗದ ದಾಖಲೆ ಮಾಡಲೆಂದು ಹುಡುಕಿ ಆರಿಸಿಕೊಂಡದ್ದು ಇದೇ ಲೇಕ್ ಐರ್ ಸರೋವರದ ಒಣ ಉಪ್ಪಿನ ತಳವನ್ನು. ಹಲವು ವರ್ಷ ಮಳೆ ಕಾಣದ ಆ ಜಾಗಕ್ಕೆ ಅವನು ತನ್ನ ಬ್ಲೂಬರ್ಡ್ ಕಾರಿನೊಂದಿಗೆ 1963ರಲ್ಲಿ ಬಂದಾಗ ಮಳೆ ಸುರಿದು ಓಟದ ಪಟ್ಟಿ ನೀರುಪಾಲಾಯಿತು, ಪ್ರಯತ್ನವನ್ನೇ ಕೈಬಿಡಬೇಕಾಯಿತು. ಮರುವರ್ಷ ಮತ್ತೆ ಬಂದು, ಮತ್ತೆ ಹವಾಮಾನದೊಡನೆ ಗುದ್ದಾಡಿ, 1964ರ ಜುಲೈ 17ರಂದು ಗಂಟೆಗೆ 648 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಿಸಿ ದಾಖಲೆ ಬರೆದ. ಹಣ, ಜನ, ಯಂತ್ರ ಎಲ್ಲವೂ ಬೆನ್ನಿಗಿದ್ದ ಅವನಿಗೇ ಒಂದು ವರ್ಷ ಕಾಯಬೇಕಾಗಿ ಬಂದಿರುವಾಗ, ನಮ್ಮ ರಜೆಯ ಚೀಟಿಗೆ ಈ ನೆಲ ಕಿಮ್ಮತ್ತು ಕೊಡುತ್ತದೆ ಎಂದು ನಂಬುವುದು ಅತಿಯಾಸೆಯಾದೀತು.

ರಸ್ತೆಯ ಮೇಲ್ಮೈ ಬಹುಪಾಲು ಜೇಡಿ ಮತ್ತು ಜಲ್ಲಿ. ಒಣಗಿದ್ದಾಗ ಸಾಮಾನ್ಯ ಎತ್ತರದ ಗಾಡಿಯೂ ನಿಧಾನವಾಗಿ ದಾಟೀತು. ಒಂದೆರಡು ಹದವಾದ ಮಳೆ ಬಿದ್ದರೆ ಸಾಕು, ಜೇಡಿ ಚಕ್ರಕ್ಕೆ ಮೆತ್ತಿಕೊಂಡು ಫೋರ್ ವೀಲ್ ಡ್ರೈವ್ ವಾಹನವೂ ನಿಂತಲ್ಲೇ ಜಾರುತ್ತದೆ. ಆಗ ರಾಜ್ಯದ ಸಾರಿಗೆ ಇಲಾಖೆ ರಸ್ತೆಯನ್ನು ಮುಚ್ಚುತ್ತದೆ. ಒಳನಾಡಿನ ರಸ್ತೆಗಳ ಸ್ಥಿತಿಗತಿಯನ್ನು ಇಲಾಖೆ ನಿಯಮಿತವಾಗಿ ಪ್ರಕಟಿಸುತ್ತಿರುತ್ತದೆ. ಯಾವ ಭಾಗ ಎಲ್ಲರಿಗೂ ತೆರೆದಿದೆ, ಯಾವುದು ಫೋರ್ ವೀಲ್ ಡ್ರೈವ್‌ಗೆ ಮಾತ್ರ, ಯಾವುದು ಪೂರ್ತಿ ಮುಚ್ಚಿದೆ ಎಂಬುದು ಅದರಲ್ಲಿ ಭಾಗ ಭಾಗವಾಗಿ ತಿಳಿಯುತ್ತದೆ. ಮುಚ್ಚಿದ ರಸ್ತೆಗೆ ಇಳಿದವರಿಗೆ ಭಾರಿ ದಂಡವಿದೆ, ಅದು ನ್ಯಾಯವೂ ಹೌದು. ಹಸಿ ಜೇಡಿಯಲ್ಲಿ ಒಬ್ಬರು ಕೊರೆದ ಹಳ್ಳ ಒಣಗಿ ಗಟ್ಟಿಯಾದ ಮೇಲೆ, ಅದರ ಮೇಲೆ ತಿಂಗಳುಗಟ್ಟಲೆ ಓಡಾಡಬೇಕಾದವರು ಅಲ್ಲಿ ವಾಸಿಸುವ ಜನ.

ಹೀಗಾಗಿ ನಮ್ಮ ಯೋಜನೆಯಲ್ಲಿ ಮೊದಲು ಬರೆದದ್ದು ತಂಗುವ ಜಾಗಗಳನ್ನಲ್ಲ, ಹೊರಬೀಳುವ ದಾರಿಗಳನ್ನು. ಮರೀಯಲ್ಲಿದ್ದಾಗ ಮಳೆಯ ಮುನ್ಸೂಚನೆ ಬಂದರೆ ದಕ್ಷಿಣಕ್ಕೆ, ಲಿಂಡ್‌ಹರ್ಸ್ಟ್ ಕಡೆಯ ಡಾಂಬರು ರಸ್ತೆಗೆ ಹಿಂತಿರುಗುವುದು. ಮರೀ ದಾಟಿ ಬಂದಿದ್ದರೆ, ಸರೋವರದ ದಕ್ಷಿಣಕ್ಕೆ ಎಡಗಡೆ ಒಡೆದು ರಾಕ್ಸ್‌ಬಿ ಡೌನ್ಸ್ ಗಣಿ ಪಟ್ಟಣಕ್ಕೆ ಹೋಗುವ ಬೋರ್‌ಫೀಲ್ಡ್ ರಸ್ತೆ ಇದೆ. ವಿಲಿಯಂ ಕ್ರೀಕ್‌ನಿಂದ ಸ್ಟುವರ್ಟ್ ಹೆದ್ದಾರಿಯ ಮೇಲಿರುವ ಕೂಬರ್ ಪೀಡಿಗೆ 166 ಕಿಲೋಮೀಟರ್. ವಿಲಿಯಂ ಕ್ರೀಕ್ ದಾಟಿದ ಮೇಲೆ ಊಡ್ನಡಾಟಾದವರೆಗೆ ಇಷ್ಟು ಸಲೀಸಾದ ದಾರಿಗಳಿಲ್ಲ. ಅಲ್ಲಿ ಹೊರಡುವ ಬೆಳಿಗ್ಗೆಯ ನಿರ್ಧಾರವೇ ಕೊನೆಯ ನಿರ್ಧಾರ. ಈ ಮೂರು ಕವಲುಗಳೂ ಮಣ್ಣಿನ ರಸ್ತೆಗಳನ್ನು ಒಳಗೊಂಡಿರುವುದರಿಂದ ಮಳೆ ಬೀಳುವ ಮುಂಚೆ ಹೊರಟರೆ ಮಾತ್ರ ಉಪಯೋಗಕ್ಕೆ ಬರುತ್ತವೆ. ಮಳೆ ಬಿದ್ದಾದ ಮೇಲೆ ಮಾಡಬಹುದಾದದ್ದು ಒಂದೇ, ಇದ್ದಲ್ಲೇ ಇದ್ದು ರಸ್ತೆ ಒಣಗುವುದನ್ನು ಕಾಯುವುದು. ಅದಕ್ಕೆಂದೇ ಕಚೇರಿಯ ರಜೆಯಲ್ಲಿ ಕೆಲವು ದಿನಗಳನ್ನು ಖಾಲಿ ಬಿಟ್ಟಿದ್ದೇನೆ. ಖಾಲಿ ದಿನಗಳಿಲ್ಲದ ಯಾವ ಮರುಭೂಮಿ ಪ್ರವಾಸದ ಯೋಜನೆಯನ್ನೂ ನಾನು ಯೋಜನೆ ಎಂದು ಒಪ್ಪುವುದಿಲ್ಲ.

ಇನ್ನು ಇಂಧನ. ಮರೀಯಿಂದ ವಿಲಿಯಂ ಕ್ರೀಕ್‌ಗೆ ಸುಮಾರು 204, ಅಲ್ಲಿಂದ ಊಡ್ನಡಾಟಾಕ್ಕೆ 203, ಮುಂದೆ ಮಾರ್ಲಾಕ್ಕೆ 210 ಕಿಲೋಮೀಟರ್. ನಾಲ್ಕೂ ಕಡೆ ಡೀಸೆಲ್ ಸಿಗುತ್ತದೆ, ಆದ್ದರಿಂದ 80 ಲೀಟರಿನ ಟ್ಯಾಂಕ್ ಇರುವ ಗಾಡಿಗೆ ಚಿಂತೆಯೇ ಇಲ್ಲ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಂಕ್ ಇದೆ ಎಂಬುದೂ ನಾವು ಹೋದ ದಿನ ಅಲ್ಲಿ ಡೀಸೆಲ್ ಇದೆ ಎಂಬುದೂ ಬೇರೆ ಬೇರೆ ಸಂಗತಿಗಳು. ಪಂಪು ಕೆಟ್ಟಿರಬಹುದು, ಟ್ಯಾಂಕರ್ ಬರುವ ರಸ್ತೆಯೇ ಮುಚ್ಚಿರಬಹುದು, ಅಂಗಡಿಯವರು ಬಾಗಿಲು ಹಾಕಿರಬಹುದು. ನಾನು ಹಾಕಿಕೊಂಡ ಲೆಕ್ಕ ಹೀಗಿದೆ: ನಡುವಿನ ಎರಡು ಊರುಗಳಲ್ಲೂ ಡೀಸೆಲ್ ಸಿಗದೆ ಹೋದರೂ ಮರೀಯಿಂದ ಮಾರ್ಲಾ ತಲುಪಬೇಕು. 617 ಕಿಲೋಮೀಟರಿಗೆ, ಭಾರ ಹೊತ್ತ ಗಾಡಿ ಸಡಿಲ ನೆಲದಲ್ಲಿ ನೂರು ಕಿಲೋಮೀಟರಿಗೆ 15 ಲೀಟರ್ ಕುಡಿಯುತ್ತದೆ ಎಂದು ಹಿಡಿದರೆ, ಬೇಕಾಗುವುದು 93 ಲೀಟರ್. ಟ್ಯಾಂಕಿನ ಜೊತೆಗೆ 20 ಲೀಟರಿನ ಒಂದು ಜೆರಿಕ್ಯಾನ್ ಇದ್ದರೆ ಏಳು ಲೀಟರ್ ಉಳಿಯುತ್ತದೆ. ಹೆಚ್ಚು ಸುತ್ತಾಡದಿದ್ದರೆ ಇಷ್ಟು ಸಾಕು. ಆದರೂ ಹೊರಡುವ ಮುನ್ನ ಪ್ರತಿಯೊಂದು ಊರಿಗೂ ಫೋನ್ ಮಾಡಿ ಕೇಳುವುದು ಪಟ್ಟಿಯಲ್ಲಿದೆ. ಆ ಊರಿನವರಿಗೆ ಅದು ಹೊಸ ಪ್ರಶ್ನೆಯೇನೂ ಅಲ್ಲ.

ಕುಡಿಯುವ ನೀರಿನ ಲೆಕ್ಕದಲ್ಲಿ ನಾನು ಧಾರಾಳವಾಗಿದ್ದೇನೆ. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಹತ್ತು ಲೀಟರ್. ಒಂದು ದಿನದ ಪ್ರಯಾಣಕ್ಕೆ ಎರಡು ದಿನದ ಆಪತ್ತಿನ ನೀರು ಸೇರಿಸಿದರೆ ನಾಲ್ವರಿಗೆ 120 ಲೀಟರ್. ಇದನ್ನು ಒಂದೇ ದೊಡ್ಡ ಟ್ಯಾಂಕಿನಲ್ಲಿ ತುಂಬದೆ ಆರು ಕ್ಯಾನುಗಳಲ್ಲಿ ಹಂಚಿಡಬೇಕು. ಕಲ್ಲುರಸ್ತೆಯ ಕುಲುಕಾಟಕ್ಕೆ ಒಂದು ಬಿರುಕು ಬಿಟ್ಟರೆ ಉಳಿದ ಐದು ಇರುತ್ತವೆ. ಚಿಲುಮೆಗಳ ಸಾಲಿನಲ್ಲೇ ಹೋಗುವಾಗ ಇಷ್ಟೇಕೆ ಎಂದು ಮಗಳು ಕೇಳಿದಳು. ಆ ನೀರಿನಲ್ಲಿ ಉಪ್ಪು ಮತ್ತು ಖನಿಜಗಳು ಹೆಚ್ಚು. ಮೇಲಾಗಿ ಸಂರಕ್ಷಿತ ಚಿಲುಮೆಗೆ ಕೈಹಾಕುವುದು ನಮ್ಮ ಹಕ್ಕಲ್ಲ.

ನೀರಿಗೆ ತೂಕವಿದೆ ಎಂಬುದು ಈ ತಯಾರಿಯಲ್ಲಿ ಮೇಲಿಂದ ಮೇಲೆ ಎದುರಾದ ವಿಷಯ. ನಾವು ಬಾಡಿಗೆಗೆ ಪಡೆಯಲಿರುವ ವಾಹನ ಹೊರಬಹುದಾದ ಭಾರ ಸುಮಾರು 700 ಕಿಲೋ. ನಾಲ್ವರ ಮೈತೂಕ, 120 ಕಿಲೋ ನೀರು, ಹೆಚ್ಚುವರಿ ಡೀಸೆಲ್, ಎರಡನೇ ಸ್ಟೆಪ್ನಿ, ಟೆಂಟುಗಳು, ಕಾರಿನ ಫ್ರಿಜ್, ಒಲೆ, ದಿನಸಿ, ಬಟ್ಟೆ, ಏರ್ ಕಂಪ್ರೆಸರ್ ಮತ್ತು ಸಲಿಕೆ ಎಲ್ಲವನ್ನೂ ಕೂಡಿಸಿದಾಗ 650ರ ಹತ್ತಿರ ಬಂತು. ಅಲ್ಲಿಗೆ ಮಡಚುವ ಮೇಜು, ಮಗಳ ಗಿಟಾರ್ ಮುಂತಾದವುಗಳ ಅರ್ಜಿಗಳು ವಜಾ ಆದವು. ಮಿತಿ ಮೀರಿದ ಭಾರದಿಂದ ಟೈರ್ ಮತ್ತು ಸಸ್ಪೆನ್ಷನ್ ಕೆಡುವುದಲ್ಲದೆ, ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಲು ಅದೇ ಕಾರಣವಾದೀತು.

ಬಾಡಿಗೆಯ ಕರಾರು ಪತ್ರವನ್ನು ಓದುವುದಕ್ಕೆ ಒಂದು ಸಂಜೆಯನ್ನೇ ಮೀಸಲಿಡಬೇಕು. ನಗರದ ವಿಮಾನ ನಿಲ್ದಾಣಗಳಲ್ಲಿ ಸಿಗುವ ಬಾಡಿಗೆ ಕಾರುಗಳನ್ನು ಡಾಂಬರಿಲ್ಲದ ರಸ್ತೆಗೆ ಇಳಿಸುವಂತೆಯೇ ಇರುವುದಿಲ್ಲ. ಫೋರ್ ವೀಲ್ ಡ್ರೈವ್ ಕೊಡುವವರೂ ಯಾವ ಯಾವ ರಸ್ತೆಗೆ ಅನುಮತಿ ಇದೆ ಎಂಬುದನ್ನು ಹೆಸರು ಹಿಡಿದು ಬರೆದಿರುತ್ತಾರೆ. ಟೈರ್, ಗಾಜು, ಗಾಡಿಯ ತಳಭಾಗ ಮತ್ತು ನೀರಿಗೆ ಇಳಿದು ಆದ ಹಾನಿಗೆ ವಿಮೆ ಅನ್ವಯಿಸದಿರುವುದೇ ಹೆಚ್ಚು. ಕೆಟ್ಟುನಿಂತ ಗಾಡಿಯನ್ನು ಒಳನಾಡಿನಿಂದ ಎಳೆದು ತರುವ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ಟೈರಿನ ಮಾತಿಗೆ ಬಂದರೆ, ಇಲ್ಲಿನ ಚೂಪು ಹರಳುಗಲ್ಲಿನ ಬಯಲಿನಲ್ಲಿ ಗಾಳಿಯ ಒತ್ತಡವನ್ನು ಕೊಂಚ ಇಳಿಸಿ, ವೇಗವನ್ನೂ ಅದಕ್ಕೆ ತಕ್ಕಂತೆ ಇಳಿಸಿ ಓಡಿಸಿದರೆ ಟೈರ್ ಸೀಳುವುದು ಕಡಿಮೆ. ಡಾಂಬರು ಸಿಕ್ಕೊಡನೆ ಮತ್ತೆ ತುಂಬಿಸಿಕೊಳ್ಳಲು ಕಂಪ್ರೆಸರ್ ಬೇಕು.

ಕೆಲವು ಸ್ನೇಹಿತರು ಸಿಂಪ್ಸನ್ ಮರುಭೂಮಿಗೇ ಹೋಗಬಾರದೇಕೆ ಎಂದು ಕೇಳಿದರು. ಅಲ್ಲಿ ಸಾವಿರಕ್ಕೂ ಹೆಚ್ಚು ಮರಳ ದಿಣ್ಣೆಗಳು ಒಂದರ ಹಿಂದೊಂದು ಸಮಾನಾಂತರವಾಗಿ ನಿಂತಿವೆ, ದಾಟುವವರು ಪ್ರತಿಯೊಂದನ್ನೂ ಹತ್ತಿ ಇಳಿಯಬೇಕು, ನಡುವೆ ಇಂಧನವಿಲ್ಲ, ಊರಿಲ್ಲ, ಒಂದೇ ಗಾಡಿಯಲ್ಲಿ ಹೋಗುವುದು ಬುದ್ಧಿವಂತಿಕೆಯಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದನ್ನು ಮುಚ್ಚುತ್ತಾರೆ. ಆ ಪ್ರಯಾಣಕ್ಕೆ ಬೇಕಾದ ಚಾಲನಾ ಅನುಭವ ನನಗಿಲ್ಲ, ಅಪ್ಪನ ಬೆನ್ನಿಗೂ ಅದು ಹಿಡಿಸುವುದಿಲ್ಲ.

ಊಡ್ನಡಾಟಾ ಟ್ರ್ಯಾಕ್ ನೋಡಲು ಕೊಡುವುದೂ ಕಡಿಮೆಯೇನಲ್ಲ. ಮರೀಯಲ್ಲಿ ಒಂದು ಮಧ್ಯಾಹ್ನ ಉಳಿಯಬೇಕೆಂದು ಹಟ ಹಿಡಿದವನು ನಾನು. 1866ರಲ್ಲಿ ಕರಾಚಿಯಿಂದ ಹಡಗಿನಲ್ಲಿ ನೂರಕ್ಕೂ ಹೆಚ್ಚು ಒಂಟೆಗಳು ಮತ್ತು ಅವುಗಳನ್ನು ನಡೆಸುವ 31 ಮಂದಿ ಪೋರ್ಟ್ ಅಗಸ್ಟಾಕ್ಕೆ ಬಂದಿಳಿದರು. ಆಮೇಲೆ ದಶಕಗಳ ಕಾಲ ಬಲೂಚಿಸ್ತಾನ, ಸಿಂಧ್, ಪಂಜಾಬ್, ಅಫ್ಘಾನಿಸ್ತಾನದ ಕಡೆಯಿಂದ ಬಂದ ಇಂಥ ಒಂಟೆ ಸವಾರರೇ ತಂತಿ ಕಂಬಗಳನ್ನು, ರೈಲು ಹಳಿಯ ಸಾಮಾನನ್ನು, ಒಳನಾಡಿನ ಮನೆಗಳಿಗೆ ಹಿಟ್ಟು ಸಕ್ಕರೆಯನ್ನು ಹೊತ್ತು ಸಾಗಿಸಿದರು. ಎಲ್ಲರನ್ನೂ ಸೇರಿಸಿ ಅಫ್ಘನ್ನರೆಂದೇ ಕರೆದರು. ಘಾನ್ ರೈಲಿನ ಹೆಸರೂ ಅವರಿಂದಲೇ ಬಂದದ್ದೆಂದು ಹೇಳುತ್ತಾರೆ. ಮರೀ ಅವರ ದೊಡ್ಡ ನೆಲೆಗಳಲ್ಲೊಂದಾಗಿತ್ತು, ಆಸ್ಟ್ರೇಲಿಯಾದ ಮೊದಮೊದಲ ಮಸೀದಿಗಳಲ್ಲೊಂದು ಅಲ್ಲಿತ್ತು. ಇದೇ ಉಪಖಂಡದಿಂದ ಬಂದು ಇದೇ ಅಡಿಲೇಡಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಸಂಪಾದಿಸುವ ನಾನು ಆ ಜನರ ಗೋರಿಗಳಿರುವ ಊರನ್ನು ಡೀಸೆಲ್ ತುಂಬಿಸಿಕೊಂಡು ದಾಟಿಹೋಗುವುದು ಸರಿಯೆನಿಸಲಿಲ್ಲ.

ಮರೀಯ ಮುಂದೆ, ಡಿಂಗೋ ನಾಯಿಗಳನ್ನು ಕುರಿಗಳ ಸೀಮೆಯಿಂದ ಹೊರಗಿಡಲು ಸಾವಿರಾರು ಕಿಲೋಮೀಟರ್ ಎಳೆದಿರುವ ಬೇಲಿಯನ್ನು ದಾಟಿದರೆ, ರಸ್ತೆಯಿಂದಲೇ ಲೇಕ್ ಐರ್‌ನ ದಕ್ಷಿಣ ಭಾಗ ಕಾಣುತ್ತದೆ. ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಈ ಸರೋವರ ಆಸ್ಟ್ರೇಲಿಯಾದ ಅತ್ಯಂತ ತಗ್ಗಿನ ಜಾಗ. ಖಂಡದ ಆರನೇ ಒಂದು ಭಾಗದ ಮಳೆನೀರು ಹರಿದುಬರಬೇಕಾದದ್ದು ಇಲ್ಲಿಗೆ, ಆದರೆ ಬಹಳಷ್ಟು ವರ್ಷ ಅದು ದಾರಿಯಲ್ಲೇ ಆವಿಯಾಗುತ್ತದೆ, ಇಂಗುತ್ತದೆ. 1974ರಲ್ಲಿ ತುಂಬಿದಷ್ಟು ಅದು ಕಳೆದ ಶತಮಾನದಲ್ಲಿ ಮತ್ತೆಂದೂ ತುಂಬಲಿಲ್ಲ. 2025ರ ಮಾರ್ಚ್‌ನಲ್ಲಿ ಕ್ವೀನ್ಸ್‌ಲ್ಯಾಂಡಿನ ಪಶ್ಚಿಮದಲ್ಲಿ ಬಂದ ಮಹಾಪ್ರವಾಹದ ನೀರು ನೂರಾರು ಕಿಲೋಮೀಟರ್ ಹರಿದು, ವಾರಗಳ ನಂತರ ಇಲ್ಲಿಗೆ ತಲುಪಿತು. ಇಲ್ಲಿ ಒಂದು ಹನಿ ಮಳೆ ಬೀಳದೆಯೂ ಸರೋವರ ತುಂಬಬಹುದು. ಕಾಟಿ ಥಾಂಡಾ ಅರಬಾನಾ ಜನರಿಗೆ ಪವಿತ್ರವಾದದ್ದು. ಅದರ ತಳಕ್ಕೆ ಇಳಿದು ಓಡಾಡಬಾರದೆಂದು ಅವರು ಕೋರುತ್ತಾರೆ, ನಾವು ಇಳಿಯುವುದಿಲ್ಲ. ಅದರ ವಿಸ್ತಾರ ಅರಿವಾಗುವುದು ಹೇಗೂ ಆಕಾಶದಿಂದಲೇ. ವಿಲಿಯಂ ಕ್ರೀಕ್‌ನಿಂದ ಹೊರಡುವ ಚಿಕ್ಕ ವಿಮಾನದಲ್ಲಿ ಅಪ್ಪ ಮತ್ತು ಮಗಳಿಗೆ ಎರಡು ಸೀಟು ಹಿಡಿಯುವ ಯೋಚನೆ ಇದೆ. ನಾಲ್ಕು ಸೀಟಿನ ದುಡ್ಡನ್ನು ನೋಡಿ ನಾವಿಬ್ಬರು ನೆಲದ ಮೇಲೆಯೇ ಇರಲು ತೀರ್ಮಾನಿಸಿದೆವು.

ರಾತ್ರಿ ತಂಗಲು ಕವರ್ಡ್ ಸ್ಪ್ರಿಂಗ್ಸ್ ಹಿಡಿಸಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೈಲ್ವೆಗಾಗಿ ಕೊರೆದ ಬಾವಿಯ ನೀರಿನಿಂದ ಅಲ್ಲೊಂದು ಜೌಗು ಬೆಳೆದಿದೆ, ಹಳೆಯ ಖರ್ಜೂರದ ಮರಗಳಿವೆ, ಬೆಚ್ಚನೆಯ ನೀರಿನ ಪುಟ್ಟ ಕೊಳವೂ ಇದೆ. ಹತ್ತಿರದಲ್ಲೇ ವಬ್ಮಾ ಕಡರ್ಬು ಸಂರಕ್ಷಿತ ಪ್ರದೇಶದಲ್ಲಿ ಬಬ್ಲರ್ ಮತ್ತು ಬ್ಲಾಂಚ್ ಕಪ್ ಎಂಬ ಎರಡು ದಿಬ್ಬದ ಚಿಲುಮೆಗಳಿವೆ. ಒಂದರಲ್ಲಿ ನೀರಿನೊಡನೆ ಬಂದ ಅನಿಲ ಬುಗ್ಗೆಯಾಗಿ ಒಡೆಯುತ್ತಿರುತ್ತದೆ, ಇನ್ನೊಂದು ಶಾಂತವಾದ ದುಂಡು ಕೊಳ. ಇದೇ ಅಂತರ್ಜಲದಿಂದ ರಾಕ್ಸ್‌ಬಿ ಡೌನ್ಸ್ ಬಳಿಯ ಒಲಿಂಪಿಕ್ ಡ್ಯಾಮ್ ತಾಮ್ರ ಮತ್ತು ಯುರೇನಿಯಂ ಗಣಿ ದಿನಕ್ಕೆ ಕೋಟಿಗಟ್ಟಲೆ ಲೀಟರ್ ಎತ್ತುತ್ತದೆ. ನಾವು ಆಪತ್ತಿಗೆಂದು ಗುರುತಿಸಿಕೊಂಡ ಬೋರ್‌ಫೀಲ್ಡ್ ರಸ್ತೆ ಹೋಗುವುದು ಆ ಗಣಿಯ ಕೊಳವೆಬಾವಿಗಳ ಪಕ್ಕದಲ್ಲೇ. ಚಿಲುಮೆಗಳು ಸೊರಗುತ್ತಿವೆ ಎಂದು ಅರಬಾನಾ ಜನ ಬಹುಕಾಲದಿಂದ ಹೇಳುತ್ತಿದ್ದಾರೆ. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಎಷ್ಟು ಅಡಿಗೆ ಕೊರೆದಿದ್ದಾರೆ ಎಂದು ಮಾತ್ರ ಕೇಳಿದರು.

ಅಡುಗೆಯ ಪಟ್ಟಿಯನ್ನು ಹೆಂಡತಿ ನೀರಿನ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡೇ ಬರೆದಳು. ಗೊಜ್ಜವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ರಾಗಿ ಹಿಟ್ಟು: ಕಡಿಮೆ ನೀರು, ಕಡಿಮೆ ಪಾತ್ರೆ. ದೋಸೆ ಹಿಟ್ಟನ್ನು ಫ್ರಿಜ್ಜಿನಲ್ಲಿ ಒಯ್ಯುವ ಪ್ರಸ್ತಾವ ಪಾತ್ರೆ ತೊಳೆಯುವ ನೀರಿನ ಲೆಕ್ಕದಲ್ಲಿ ಬಿದ್ದುಹೋಯಿತು. ಮೆಲ್ಬರ್ನ್ ಕಡೆಯಿಂದ ಬರುವವರು ಒಂದನ್ನು ನೆನಪಿಡಬೇಕು. ಹಣ್ಣುನೊಣದ ತಡೆಗಾಗಿ ದಕ್ಷಿಣ ಆಸ್ಟ್ರೇಲಿಯಾದ ಗಡಿಯಲ್ಲಿ ಹಣ್ಣು, ಟೊಮೆಟೊ, ಮೆಣಸಿನಕಾಯಿಯಂಥವನ್ನು ಒಳಗೆ ಬಿಡುವುದಿಲ್ಲ. ಅವನ್ನು ಗಡಿ ದಾಟಿದ ಮೇಲೆ ಕೊಳ್ಳುವುದೇ ಲೇಸು.

ಅಪ್ಪನ ಔಷಧಿಗಳನ್ನು ಎರಡು ಕಟ್ಟುಗಳಾಗಿ ಮಾಡಿ ಎರಡು ಬೇರೆ ಚೀಲಗಳಲ್ಲಿಡುತ್ತೇವೆ, ವೈದ್ಯರ ಚೀಟಿಯ ಪ್ರತಿಯನ್ನೂ ಸಹ. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ ಆರಂಭವಾದ ಫ್ಲೈಯಿಂಗ್ ಡಾಕ್ಟರ್ ಸೇವೆ ಇಂದಿಗೂ ಈ ಸೀಮೆಯ ವೈದ್ಯಕೀಯ ಆಧಾರ. ಆದರೆ ಅವರನ್ನು ಕರೆಯಲು ಮೊದಲು ಸುದ್ದಿ ಮುಟ್ಟಿಸಬೇಕಲ್ಲ. ಮೊಬೈಲ್ ಸಿಗ್ನಲ್ ಊರು ದಾಟಿದರೆ ಇಲ್ಲ. ಅದಕ್ಕಾಗಿ ಒಂದು ಸ್ಯಾಟಲೈಟ್ ಫೋನನ್ನು ಬಾಡಿಗೆಗೆ ಪಡೆಯುತ್ತಿದ್ದೇವೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಆಪತ್ತು ಸೂಚಕ ಬೀಕನ್ ಒಂದನ್ನು ಕೊಂಡಿದ್ದೇವೆ. ಈ ಬೀಕನ್ನಿನ ಗುಂಡಿ ಒತ್ತಿದರೆ ಸಂಕೇತ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಕೊಂಡ ಮೇಲೆ ಅದನ್ನು ಸರ್ಕಾರದ ಕಡಲ ಸುರಕ್ಷತಾ ಪ್ರಾಧಿಕಾರದಲ್ಲಿ ಉಚಿತವಾಗಿ ನೋಂದಾಯಿಸಬೇಕು. ಎದುರು ಬರುವ ವಾಹನಗಳೊಡನೆ ಮಾತಾಡಲು ಯುಎಚ್‌ಎಫ್ ರೇಡಿಯೋ ಬೇಕು. ಐವತ್ತು ಮೀಟರಿಗೂ ಉದ್ದದ ರೋಡ್ ಟ್ರೇನ್ ಲಾರಿಗಳು ಎಬ್ಬಿಸುವ ಧೂಳಿನಲ್ಲಿ ಮುಂದೇನಿದೆ ಎಂಬುದೇ ಕಾಣದು. ಅಂಥ ಲಾರಿ ಬಂದಾಗ ಬದಿಗೆ ಸರಿದು ನಿಲ್ಲುವುದೇ ಸರಿ.

ಗಾಡಿ ಕೆಟ್ಟರೆ ಗಾಡಿಯ ಬಳಿಯೇ ಇರಬೇಕು ಎಂಬ ನಿಯಮವನ್ನು ಮನೆಯವರೆಲ್ಲರಿಗೂ ಬಾಯಿಪಾಠ ಮಾಡಿಸಿದ್ದೇನೆ. 1963ರ ಡಿಸೆಂಬರಿನಲ್ಲಿ ಮರೀಯಿಂದ ಬರ್ಡ್ಸ್‌ವಿಲ್ ಟ್ರ್ಯಾಕಿನಲ್ಲಿ ಹೊರಟ ಐದು ಜನರ ಕುಟುಂಬವೊಂದು ದಾರಿ ತಪ್ಪಿತು, ಪೆಟ್ರೋಲ್ ಮುಗಿಯಿತು, ಕಾರನ್ನು ಬಿಟ್ಟು ಹೊರಟ ಅವರಲ್ಲಿ ಒಬ್ಬರೂ ಬದುಕಲಿಲ್ಲ. ಮೇಲಿನಿಂದ ಹುಡುಕುವ ವಿಮಾನಕ್ಕೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ದಿನದ ಓಟವನ್ನು ನಾನು ಉದ್ದೇಶಪೂರ್ವಕವಾಗಿಯೇ ಚಿಕ್ಕದಾಗಿಟ್ಟಿದ್ದೇನೆ. ಜುಲೈನಲ್ಲಿ ಆರು ಗಂಟೆಯ ಹೊತ್ತಿಗೆ ಕತ್ತಲಾಗುತ್ತದೆ. ಮುಸ್ಸಂಜೆಯಲ್ಲಿ ಕಾಂಗರೂ, ಎಮು, ಬೇಲಿಯಿಲ್ಲದ ಬಯಲಿನ ದನಗಳು ರಸ್ತೆಗೆ ಬರುತ್ತವೆ. ವಿಲಿಯಂ ಕ್ರೀಕ್‌ನ ಸುತ್ತ ಹರಡಿರುವ ಆನಾ ಕ್ರೀಕ್ ಎಂಬ ಒಂದೇ ಒಂದು ದನದ ಫಾರ್ಮ್ ನಮ್ಮ ತುಮಕೂರು ಜಿಲ್ಲೆಗಿಂತ ದೊಡ್ಡದು, ಅಲ್ಲಿ ದನಗಳು ತಮಗೆ ತೋಚಿದಲ್ಲಿ ಮಲಗುತ್ತವೆ. ಆದ್ದರಿಂದ ನಾಲ್ಕೂವರೆಗೆ ಟೆಂಟು ಹಾಕುವ ಜಾಗ ಸೇರಬೇಕು, ಗಂಟೆಗೆ ಸರಾಸರಿ ಐವತ್ತು ಕಿಲೋಮೀಟರಿಗಿಂತ ಹೆಚ್ಚು ಆಗುತ್ತದೆಂದು ಎಲ್ಲೂ ಹಿಡಿಯಬಾರದು. ಮಾರ್ಲಾದಿಂದ ಅಡಿಲೇಡಿಗೆ ಹಿಂತಿರುಗುವ ಸುಮಾರು 1,080 ಕಿಲೋಮೀಟರ್ ಪೂರ್ತಿ ಡಾಂಬರು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಕೂಬರ್ ಪೀಡಿಯಲ್ಲಿ ನೆಲದಡಿಯ ಕೋಣೆಯಲ್ಲೊಂದು ರಾತ್ರಿ ಕಳೆಯುವುದೊಂದನ್ನು ಬಿಟ್ಟರೆ.

ಈಗ ಉಳಿದಿರುವುದು ಒಂದು ಹಾಳೆ. ಅದರಲ್ಲಿ ನಾವು ಯಾವ ದಿನ ಎಲ್ಲಿ ತಂಗುತ್ತೇವೆ, ಗಾಡಿಯ ಬಣ್ಣ ಮತ್ತು ನಂಬರ್, ಬೀಕನ್ನಿನ ನೋಂದಣಿ ಸಂಖ್ಯೆ, ಯಾವ ಹೊತ್ತಿನೊಳಗೆ ನಮ್ಮಿಂದ ಕರೆ ಬರದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂಬುದೆಲ್ಲ ಇರುತ್ತದೆ. ಅಡಿಲೇಡಿನ ಸ್ನೇಹಿತರೊಬ್ಬರ ಮನೆಯ ಫ್ರಿಜ್ಜಿನ ಬಾಗಿಲಿಗೆ ಅದನ್ನು ಅಂಟಿಸಿ ಹೊರಡುತ್ತೇವೆ. ಹೊರಡುವ ಹಿಂದಿನ ದಿನ ರಸ್ತೆಯ ವರದಿಯಲ್ಲಿ ಮರೀಯಿಂದಾಚೆ ಮುಚ್ಚಿದೆ ಎಂದಿದ್ದರೆ, ಅದೇ ಗಾಡಿಯಲ್ಲಿ, ಅದೇ ಅವಲಕ್ಕಿಯೊಡನೆ ಹಾಕರ್ ಊರಿನವರೆಗೆ ಹೋಗಿ ಫ್ಲಿಂಡರ್ಸ್ ಬೆಟ್ಟಗಳಲ್ಲಿ ತಂಗಿ ಬರುತ್ತೇವೆ. ಅದಕ್ಕೂ ಒಂದು ಪಟ್ಟಿ ಬರೆದಿಟ್ಟಾಗಿದೆ. ಅದರಲ್ಲಿ ಗಿಟಾರಿಗೆ ಜಾಗವಿದೆ.